ವಸಂತದಲ್ಲಿ ಸ್ಥಳೀಯ ಇತಿಹಾಸ ಸಂಗ್ರಹಾಲಯ: ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳುವುದು, ಸ್ವಯಂಸೇವಕರಾಗಿ ದುಡಿಯುವುದು ಹೇಗೆ

ಊರಿನ ಇತಿಹಾಸವನ್ನು ಕಾಪಿಡುವ ಸಣ್ಣ ವಸ್ತುಸಂಗ್ರಹಾಲಯಗಳು ಬಹುಮಟ್ಟಿಗೆ ಬೆರಳೆಣಿಕೆಯಷ್ಟು ಸಿಬ್ಬಂದಿಯಿಂದ, ಎಷ್ಟೋ ಕಡೆ ಸಂಬಳದ ಸಿಬ್ಬಂದಿಯೇ ಇಲ್ಲದೆ, ಸ್ವಯಂಸೇವಕರ ಬಲದ ಮೇಲೆ ನಡೆಯುತ್ತವೆ. ದೊಡ್ಡ ಸಂಗ್ರಹಾಲಯಗಳಲ್ಲಿ ಅರಸರ ಕತ್ತಿ, ಹೆಸರಾಂತ ಕಲಾವಿದರ ಚಿತ್ರಗಳಿರುತ್ತವೆ; ಇಲ್ಲಿರುವುದು ಬಡಗಿಯ ಉಳಿ, ಮುಚ್ಚಿಹೋದ ಕಾರ್ಖಾನೆಯ ಹಾಜರಿ ಪುಸ್ತಕ, ಶಾಲೆಯ ಗುಂಪುಚಿತ್ರ, ಯಾರದೋ ಮದುವೆಯ ಉಡುಪು. ಇಂಥ ವಸ್ತುಗಳಿಗೆ ತಮ್ಮಷ್ಟಕ್ಕೇ ದೊಡ್ಡ ಬೆಲೆಯಿಲ್ಲ. ಯಾರದು, ಎಲ್ಲಿಯದು, ಯಾವ ಕಾಲದ್ದು, ಇದನ್ನೆಲ್ಲ ಹೇಳಿದವರು ಯಾರು ಎಂಬ ಮಾಹಿತಿ ಜೊತೆಗಿದ್ದಾಗ ಮಾತ್ರ ಅವು ಇತಿಹಾಸದ ಆಕರಗಳಾಗುತ್ತವೆ. ಆ ಮಾಹಿತಿ ಕಳಚಿಕೊಂಡರೆ ಕಪಾಟಿನಲ್ಲಿ ಉಳಿಯುವುದು ಹಳೆಯ ಸಾಮಾನು. ಆದ್ದರಿಂದ ಸ್ವಯಂಸೇವಕರು ಯಾವ ಕೆಲಸಕ್ಕೆ ಸೇರಿದರೂ, ತಿಳಿದುಬಂದದ್ದನ್ನು ಅಲ್ಲೇ, ಆಗಲೇ ಬರೆದಿಡುವುದು ಅವರ ಮೊದಲ ಹೊಣೆ. ಈ ಮಾರ್ಗದರ್ಶಿಯಲ್ಲಿ ಮುಂದೆ ಹೇಳುವ ಹೆಜ್ಜೆಗಳೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ಆ ಹೊಣೆಗೇ ಸಂಬಂಧಿಸಿವೆ.

ಈ ಕೆಲಸಕ್ಕೆ ಕೈಹಾಕಲು ವಸಂತ ಒಳ್ಳೆಯ ಕಾಲ. ಭೂಮಧ್ಯರೇಖೆಯ ಉತ್ತರಕ್ಕೆ ಮಾರ್ಚ್‌ನಿಂದ ಮೇವರೆಗೆ, ದಕ್ಷಿಣಕ್ಕೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಬರುವ ಈ ಅವಧಿಯಲ್ಲಿ, ಚಳಿಗಾಲಕ್ಕೆಂದು ಬಾಗಿಲು ಮುಚ್ಚಿದ್ದ ಅಥವಾ ವೇಳೆ ಕಡಿಮೆ ಮಾಡಿಕೊಂಡಿದ್ದ ಸಂಗ್ರಹಾಲಯಗಳು ಮತ್ತೆ ಪೂರ್ಣಪ್ರಮಾಣದಲ್ಲಿ ತೆರೆದುಕೊಳ್ಳುತ್ತವೆ. ಹೊರಾಂಗಣದ ನಡಿಗೆಗಳು ಶುರುವಾಗುತ್ತವೆ, ಶಾಲಾ ತಂಡಗಳು ಬರುತ್ತವೆ, ಚಳಿಗೆ ಮನೆಯಲ್ಲೇ ಉಳಿದಿದ್ದ ಹಿರಿಯರೂ ಹೊರಗೆ ಹೆಜ್ಜೆಯಿಡುತ್ತಾರೆ. ಜನ ಬರುವ ಕಾಲವೆಂದರೆ ನೆನಪುಗಳೂ ಬರುವ ಕಾಲ. ಅವನ್ನು ಕೇಳಿಸಿಕೊಳ್ಳಲು, ಬರೆದುಕೊಳ್ಳಲು ಕೈಗಳು ಸಾಲದಿರುವುದೂ ಆಗಲೇ.

ಮೊದಲ ಹೆಜ್ಜೆ: ಸಂದರ್ಶಕರಾಗಿ ಹೋಗಿ ಬನ್ನಿ

ಅರ್ಜಿ ಕೊಡುವ ಮುನ್ನ ಸಂಗ್ರಹಾಲಯವನ್ನು ಒಬ್ಬ ಸಾಮಾನ್ಯ ಸಂದರ್ಶಕರ ಕಣ್ಣಿನಿಂದ ನೋಡಿ, ಸಾಧ್ಯವಾದರೆ ಒಮ್ಮೆ ಜನಸಂದಣಿಯ ದಿನ, ಇನ್ನೊಮ್ಮೆ ಬಿಡುವಿನ ದಿನ. ಯಾವ ಕೊಠಡಿಯಲ್ಲಿ ಜನ ನಿಲ್ಲುತ್ತಾರೆ, ಯಾವುದನ್ನು ನೋಡದೆಯೇ ದಾಟಿಹೋಗುತ್ತಾರೆ, ಯಾವ ವಸ್ತುವಿನ ಮುಂದಿನ ಫಲಕದಲ್ಲಿ ವಿವರ ತೀರಾ ಕಡಿಮೆಯಿದೆ ಎಂಬುದನ್ನು ಗಮನಿಸಿ. ಆ ಸಂಗ್ರಹಾಲಯ ಯಾವ ಪ್ರದೇಶದ, ಯಾವ ಕಾಲಾವಧಿಯ ಇತಿಹಾಸವನ್ನು ತನ್ನದೆಂದುಕೊಂಡಿದೆ ಎಂದು ಕೇಳಿ ತಿಳಿದುಕೊಳ್ಳಿ. ಸುವ್ಯವಸ್ಥಿತ ಸಂಸ್ಥೆಗಳಲ್ಲಿ ಇದನ್ನು ಸ್ಪಷ್ಟವಾಗಿ ಹೇಳುವ ಉದ್ದೇಶಪತ್ರವೂ, ಯಾವ ವಸ್ತುಗಳನ್ನು ಸ್ವೀಕರಿಸಬೇಕು, ಯಾವುದನ್ನು ಬೇಡವೆನ್ನಬೇಕು ಎಂದು ತಿಳಿಸುವ ಸಂಗ್ರಹ ನೀತಿಯೂ ಬರಹದಲ್ಲಿರುತ್ತವೆ. ಇವೆರಡನ್ನೂ ಓದಿದವರಿಗೆ ಮುಂದೆ ಮೂಡುವ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಮೊದಲೇ ಸಿಕ್ಕಿರುತ್ತದೆ.

ಎರಡನೆಯ ಹೆಜ್ಜೆ: ಋತುವಿನ ಕಾರ್ಯಕ್ರಮಪಟ್ಟಿಯನ್ನು ಓದಿ, ಒಂದನ್ನು ಆರಿಸಿಕೊಳ್ಳಿ

ಉತ್ತರಾರ್ಧಗೋಳದ ವಸಂತದಲ್ಲಿ ಬರುವ ಎರಡು ದಿನಾಂಕಗಳು ಜಗತ್ತಿನಾದ್ಯಂತ ಕಾರ್ಯಕ್ರಮಪಟ್ಟಿಗಳಲ್ಲಿ ಸಾಮಾನ್ಯ. ಏಪ್ರಿಲ್ 18 ಸ್ಮಾರಕಗಳು ಮತ್ತು ನಿವೇಶನಗಳ ಅಂತರರಾಷ್ಟ್ರೀಯ ದಿನ. ಜನ ಇದನ್ನು ವಿಶ್ವ ಪರಂಪರೆ ದಿನ ಎಂದೇ ಕರೆಯುತ್ತಾರೆ. 1982ರಲ್ಲಿ ಸ್ಮಾರಕಗಳು ಮತ್ತು ನಿವೇಶನಗಳ ಅಂತರರಾಷ್ಟ್ರೀಯ ಮಂಡಳಿ, ಅಂದರೆ ಐಕೊಮಾಸ್, ಇದನ್ನು ಸೂಚಿಸಿತು, ಮರುವರ್ಷ ಯುನೆಸ್ಕೊ ಅನುಮೋದಿಸಿತು. ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. 1946ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ, ಅಂದರೆ ಐಕಾಮ್, ಇದನ್ನು 1977ರಿಂದ ನಡೆಸುತ್ತಿದ್ದು, ಪ್ರತಿವರ್ಷ ಒಂದು ವಿಷಯವನ್ನು ಮುಂಚಿತವಾಗಿ ಪ್ರಕಟಿಸುತ್ತದೆ. ಈ ಎರಡು ದಿನಗಳ ಆಸುಪಾಸಿನಲ್ಲಿ ಸಣ್ಣ ಸಂಗ್ರಹಾಲಯಗಳಿಗೂ ಸಂದರ್ಶಕರು ಹೆಚ್ಚುವುದರಿಂದ, ಹೊಸ ಸ್ವಯಂಸೇವಕರನ್ನು ಅದಕ್ಕೆ ಮೊದಲೇ ಸೇರಿಸಿಕೊಂಡು ತರಬೇತಿ ಮುಗಿಸುವುದು ಕ್ರಮ. ಉತ್ತರಾರ್ಧಗೋಳದಲ್ಲಿರುವವರು ಫೆಬ್ರುವರಿಯಲ್ಲೇ ವಿಚಾರಿಸಿದರೆ ಮೇ ತಿಂಗಳ ಹೊತ್ತಿಗೆ ಕೆಲಸ ಕೈಗೆ ಹತ್ತಿರುತ್ತದೆ.

ಉಳಿದ ಕಾರ್ಯಕ್ರಮಗಳು ಸ್ಥಳದಿಂದ ಸ್ಥಳಕ್ಕೆ ಬೇರೆಯಾದರೂ ಸ್ವರೂಪದಲ್ಲಿ ಒಂದನ್ನೊಂದು ಹೋಲುತ್ತವೆ: ಪರಂಪರೆಯ ನಡಿಗೆ, ಹಳೆಯ ಛಾಯಾಚಿತ್ರಗಳಲ್ಲಿರುವವರನ್ನು ಗುರುತಿಸುವ ದಿನ, ಶಾಲಾ ಮಕ್ಕಳಿಗೆ ವಸ್ತುಪಾಠ, ಕುಶಲಕರ್ಮಗಳ ಪ್ರಾತ್ಯಕ್ಷಿಕೆ, ಹಿಂದಿನವರು ಬೆಳೆಯುತ್ತಿದ್ದ ಸಸ್ಯಗಳ ತೋಟದ ಬಿತ್ತನೆ, ಹಳೆಯ ಸಮಾಧಿಗಳ ಬರಹವನ್ನು ದಾಖಲಿಸುವ ಶಿಬಿರ. ಪ್ರಾತ್ಯಕ್ಷಿಕೆಗಳ ಪರಂಪರೆ ಸಾಕಷ್ಟು ಹಳೆಯದು. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆರ್ಟುರ್ ಹಾಸೇಲಿಯಸ್ 1891ರಲ್ಲಿ ತೆರೆದ ಸ್ಕಾನ್ಸೆನ್ ಬಯಲು ಸಂಗ್ರಹಾಲಯದಲ್ಲಿ ಹಳ್ಳಿಯ ಮನೆಗಳನ್ನೇ ಕಳಚಿ ತಂದು ಮತ್ತೆ ನಿಲ್ಲಿಸಿ, ಅಂದಿನ ಬದುಕನ್ನು ಜನರ ಕಣ್ಣೆದುರು ತೋರಿಸಲಾಯಿತು. ಇವುಗಳಲ್ಲಿ ಮೊದಲ ವರ್ಷಕ್ಕೆ ಒಂದನ್ನು ಮಾತ್ರ ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ದೃಢವಾದ ಅಭಿಪ್ರಾಯ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕೈಯಾಡಿಸುವ ಹತ್ತು ಜನರಿಗಿಂತ, ಒಂದೇ ಕೆಲಸವನ್ನು ಋತುವಿನುದ್ದಕ್ಕೂ ತಪ್ಪದೆ ನಡೆಸಿಕೊಡುವ ಇಬ್ಬರು ಸಣ್ಣ ಸಂಸ್ಥೆಗೆ ಹೆಚ್ಚು ಆಸರೆಯಾಗುತ್ತಾರೆ.

ಮೂರನೆಯ ಹೆಜ್ಜೆ: ಅರ್ಜಿ ಮತ್ತು ಮಾತುಕತೆ

ಅರ್ಜಿಯಲ್ಲಿ ಪದವಿಗಳ ಪಟ್ಟಿಗಿಂತ ನೀವು ಕೊಡಬಲ್ಲ ಸಮಯದ ವಿವರ ಮುಖ್ಯ. ವಾರಕ್ಕೆ ಎಷ್ಟು ಗಂಟೆ, ಯಾವ ದಿನ, ಎಷ್ಟು ತಿಂಗಳು ಎಂಬುದನ್ನು ಪ್ರಾಮಾಣಿಕವಾಗಿ ಬರೆಯಿರಿ. ಉತ್ಸಾಹದಲ್ಲಿ ಹೆಚ್ಚು ಹೇಳಿ ನಡುವೆ ಕೈಬಿಡುವುದಕ್ಕಿಂತ ಕಡಿಮೆ ಹೇಳಿ ಪೂರೈಸುವುದು ಲೇಸು. ನಿಮ್ಮ ಕೈಯಲ್ಲಿರುವ ಕಸುಬುಗಳನ್ನೂ ತಿಳಿಸಿ. ಹಳೆಯ ಕೈಬರಹ ಓದಬಲ್ಲವರು, ಹೊಲಿಗೆ ಬಲ್ಲವರು, ಮರಗೆಲಸ ತಿಳಿದವರು, ಲೆಕ್ಕಪತ್ರ ಬರೆಯಬಲ್ಲವರು, ಸ್ಥಳೀಯ ಭಾಷೆಯ ಜೊತೆಗೆ ಇನ್ನೊಂದು ಭಾಷೆ ಓದಬಲ್ಲವರು, ಎಲ್ಲರಿಗೂ ಇಲ್ಲಿ ಕೆಲಸವುಂಟು.

ಮಾತುಕತೆಯ ವೇಳೆ ನೀವೂ ಕೆಲವು ಪ್ರಶ್ನೆ ಕೇಳಬೇಕು. ನಿಮಗೆ ಕೆಲಸ ಹೇಳಿಕೊಡುವವರು ಯಾರು, ಅವಘಡವಾದರೆ ವಿಮೆಯ ರಕ್ಷಣೆ ಇದೆಯೇ, ಓಡಾಟದ ಖರ್ಚು ಸಿಗುತ್ತದೆಯೇ, ಬರಲಾಗದ ದಿನ ಯಾರಿಗೆ ತಿಳಿಸಬೇಕು ಎಂಬುದು ಮೊದಲೇ ತಿಳಿದಿದ್ದರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆಯನ್ನು ಪರಿಶೀಲಿಸುವ ನಿಯಮ ಅನೇಕ ಕಡೆ ಇದೆ. ಅದಕ್ಕೆ ಸಮಯ ಹಿಡಿಯುವುದರಿಂದ ಬೇಗನೆ ಅರ್ಜಿ ಹಾಕಿ. ನೀವು ಸ್ವತಃ ಹಳೆಯ ನಾಣ್ಯ, ಅಂಚೆಚೀಟಿ, ಛಾಯಾಚಿತ್ರಗಳಂಥವನ್ನು ಸಂಗ್ರಹಿಸುವವರಾಗಿದ್ದರೆ ಅದನ್ನು ಮೊದಲ ದಿನವೇ ಹೇಳಿಬಿಡಿ. ಸಂಗ್ರಹಾಲಯಕ್ಕೆಂದು ಬಂದ ವಸ್ತುವಿಗಾಗಿ ಅಲ್ಲಿನ ಕೆಲಸಗಾರರೇ ಪೈಪೋಟಿ ನಡೆಸಬಾರದೆಂಬುದು 1986ರಲ್ಲಿ ಅಂಗೀಕಾರವಾಗಿ 2004ರಲ್ಲಿ ಪರಿಷ್ಕೃತವಾದ ಐಕಾಮ್ ನೀತಿಸಂಹಿತೆಯ ಆಶಯ. ಸಂಬಳ ಪಡೆಯದವರೂ ಇದಕ್ಕೆ ಬದ್ಧರಾಗಿರುವುದೇ ಸರಿ.

ನಾಲ್ಕನೆಯ ಹೆಜ್ಜೆ: ಮುಟ್ಟುವ ಮುನ್ನ ಕಲಿಯಿರಿ

ತರಬೇತಿಯ ಮೊದಲ ಪಾಠ ವಸ್ತುವನ್ನು ಎತ್ತುವ ಬಗೆ. ಎತ್ತುವುದಕ್ಕೆ ಮೊದಲು ಅದನ್ನು ಎಲ್ಲಿ ಇಡುತ್ತೀರೆಂದು ನಿರ್ಧರಿಸಿ, ಆ ಜಾಗವನ್ನು ತೆರವು ಮಾಡಿ, ದಾರಿಯಲ್ಲಿ ಬಾಗಿಲಿದ್ದರೆ ಅದನ್ನು ತೆರೆದಿಟ್ಟುಕೊಂಡು ಆಮೇಲೆ ಕೈಹಾಕಿ. ಹೂಜಿಯನ್ನು ಹಿಡಿಕೆಯಿಂದ, ಕುರ್ಚಿಯನ್ನು ಬೆನ್ನಿನ ಪಟ್ಟಿಯಿಂದ, ಚಿತ್ರವನ್ನು ಚೌಕಟ್ಟಿನ ಮೇಲಂಚಿನಿಂದ ಎತ್ತಬಾರದು. ಹಳೆಯ ವಸ್ತುಗಳಲ್ಲಿ ಮೊದಲು ಸಡಿಲವಾಗುವುದು ಇಂಥ ಜೋಡಣೆಗಳೇ. ಒಂದು ಕೈ ತಳದಲ್ಲಿ, ಇನ್ನೊಂದು ಬದಿಯಲ್ಲಿ ಇರಲಿ. ಉಂಗುರ, ಬಳೆ, ಕೊರಳಿನ ಗುರುತುಚೀಟಿಯ ದಾರ, ಎಲ್ಲವನ್ನೂ ತೆಗೆದಿಡಿ. ಲೋಹ ಮತ್ತು ಛಾಯಾಚಿತ್ರಗಳಿಗೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಬೇಕು, ಏಕೆಂದರೆ ಬೆರಳಿನ ಬೆವರಿನಲ್ಲಿರುವ ಉಪ್ಪು ಮತ್ತು ಎಣ್ಣೆ ಅಲ್ಲಿ ಗುರುತು ಮೂಡಿಸುತ್ತವೆ. ಕಾಗದ ಮತ್ತು ಪುಸ್ತಕಗಳಿಗಾದರೋ ತೊಳೆದು ಒರಸಿದ ಬರಿಗೈಯೇ ಮೇಲು. ಹತ್ತಿಯ ಗವಸು ತೊಟ್ಟಾಗ ಬೆರಳಿನ ಸ್ಪರ್ಶ ಮಂದವಾಗಿ ಹಾಳೆಯ ಅಂಚು ಹರಿಯುವ ಸಂಭವ ಹೆಚ್ಚು. ವಸ್ತುಗಳಿರುವ ಕೋಣೆಯಲ್ಲಿ ಪೆನ್ನು ಬಳಸದೆ ಸೀಸದ ಕಡ್ಡಿಯಿಂದಲೇ ಬರೆಯುವುದು ಎಲ್ಲೆಡೆಯ ಕಟ್ಟುನಿಟ್ಟಿನ ನಿಯಮ.

ಎರಡನೆಯ ಪಾಠ, ಸಂಖ್ಯೆ. ಸಂಗ್ರಹಕ್ಕೆ ಸೇರಿದ ಪ್ರತಿಯೊಂದು ವಸ್ತುವಿಗೂ ನೋಂದಣಿ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೂರು ಭಾಗ: ವಸ್ತು ಬಂದ ವರ್ಷ, ಆ ವರ್ಷ ಅದು ಎಷ್ಟನೆಯ ಕೊಡುಗೆ, ಆ ಕೊಡುಗೆಯೊಳಗೆ ಎಷ್ಟನೆಯ ವಸ್ತು. 2024.15.3 ಎಂದಿದ್ದರೆ 2024ರಲ್ಲಿ ಬಂದ ಹದಿನೈದನೆಯ ಕೊಡುಗೆಯ ಮೂರನೆಯ ವಸ್ತು ಎಂದರ್ಥ. ಸಂಖ್ಯೆಯನ್ನು ನೇರವಾಗಿ ವಸ್ತುವಿನ ಮೇಲೆ ಗೀಚುವುದಿಲ್ಲ. ಗಡಸಾದ, ರಂಧ್ರವಿಲ್ಲದ ಮೇಲ್ಮೈಯಾದರೆ ಪ್ಯಾರಲಾಯ್ಡ್ ಬಿ-72 ಎಂಬ ಪಾರದರ್ಶಕ ರಾಳದ ತೆಳುಪದರ ಬಳಿದು, ಅದು ಒಣಗಿದ ಮೇಲೆ ಶಾಯಿಯಲ್ಲಿ ಸಂಖ್ಯೆ ಬರೆದು, ಮೇಲೆ ಇನ್ನೊಂದು ಪದರ ಕೊಡುತ್ತಾರೆ. ಬೇಕೆಂದಾಗ ಅಸಿಟೋನ್‌ನಿಂದ ತೆಗೆದುಬಿಡಬಹುದು. ಬಟ್ಟೆಗೆ ಹತ್ತಿಯ ಪಟ್ಟಿಯ ಮೇಲೆ ಬರೆದು ಸಡಿಲವಾಗಿ ಹೊಲಿಯುತ್ತಾರೆ, ಕಾಗದಕ್ಕೆ ಹಿಂಬದಿಯ ಮೂಲೆಯಲ್ಲಿ ಮೃದುವಾದ ಸೀಸದ ಕಡ್ಡಿ. ವಸ್ತುವನ್ನೂ ಅದರ ಕಥೆಯನ್ನೂ ಜೋಡಿಸಿಡುವುದು ಈ ಒಂದು ಸಂಖ್ಯೆ. ಆದ್ದರಿಂದ ಯಾವುದೇ ಟಿಪ್ಪಣಿ ಬರೆಯುವಾಗ ಮೊದಲ ಸಾಲಿನಲ್ಲಿ ಅದನ್ನೇ ಬರೆಯುವ ರೂಢಿ ಮಾಡಿಕೊಳ್ಳಿ.

ಅಪಾಯಗಳ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಹಳೆಯ ಕಾಲದಲ್ಲಿ ಹದಮಾಡಿ ತುಂಬಿದ ಪ್ರಾಣಿಪಕ್ಷಿಗಳಲ್ಲಿ ಆರ್ಸೆನಿಕ್ ಇರಬಹುದು, ಕತ್ತಲಲ್ಲಿ ಹೊಳೆಯುತ್ತಿದ್ದ ಹಳೆಯ ಗಡಿಯಾರದ ಮುಖಬಿಲ್ಲೆಯಲ್ಲಿ ರೇಡಿಯಂ ಇರಬಹುದು, ಔಷಧದ ಪೆಟ್ಟಿಗೆಯಲ್ಲಿ ವಿಷ, ಬಂದೂಕಿನೊಳಗೆ ಜೀವಂತ ಗುಂಡು ಇರಬಹುದು. 1950ರ ದಶಕದ ಆರಂಭದವರೆಗೂ ತಯಾರಾಗುತ್ತಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು; ಹಳೆಯ ಫಿಲ್ಮಿನ ಡಬ್ಬಿ ತೆರೆದಾಗ ಅಂಟಂಟಾಗಿ, ಕಟುವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ ಹೊಣೆಗಾರರನ್ನು ಕರೆಯಿರಿ. ಇಂಥವನ್ನು ತಾವಾಗಿಯೇ ಪರೀಕ್ಷಿಸಲು ಹೋಗುವುದು ಸ್ವಯಂಸೇವಕರ ಕೆಲಸವಲ್ಲ.

ಐದನೆಯ ಹೆಜ್ಜೆ: ವಸಂತದ ಶುಚಿಕಾರ್ಯ ಮತ್ತು ಕೀಟಗಳ ಕಾವಲು

ಹೊಸ ಸ್ವಯಂಸೇವಕರಿಗೆ ಬಹಳಷ್ಟು ಕಡೆ ಮೊದಲು ಸಿಗುವ ಕೆಲಸ ಇದು. ಇದನ್ನು ಕೀಳೆಂದು ಯಾರೂ ಭಾವಿಸಬಾರದು, ಏಕೆಂದರೆ ಉಗ್ರಾಣದ ಪ್ರತಿಯೊಂದು ಮೂಲೆಯನ್ನೂ ಹತ್ತಿರದಿಂದ ನೋಡುವ ಅವಕಾಶ ಇದರಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ.

ಮೊದಲಿಗೆ ಕಿಟಕಿಗಳ ವಿಚಾರ. ಹೊರಗೆ ಹಿತವಾದ ಬಿಸಿಲು ಬಿದ್ದೊಡನೆ ಎಲ್ಲ ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಚಳಿಗಾಲವಿಡೀ ತಣ್ಣಗಿದ್ದ ಕಟ್ಟಡದೊಳಗೆ ಬೆಚ್ಚಗಿನ, ತೇವಭರಿತ ಗಾಳಿ ಒಮ್ಮೆಗೇ ನುಗ್ಗಿದರೆ, ತಣ್ಣನೆಯ ಗೋಡೆ, ಲೋಹ ಮತ್ತು ಗಾಜಿನ ಮೇಲೆ ನೀರು ಹನಿಗಟ್ಟುತ್ತದೆ. ಸಾಪೇಕ್ಷ ಆರ್ದ್ರತೆ ಶೇ 65ರಿಂದ 70ನ್ನು ಮೀರಿ ಕೆಲವು ದಿನ ನಿಂತರೆ ಬೂಷ್ಟು ಹಿಡಿಯಲು ಅಷ್ಟೇ ಸಾಕು. ಆದ್ದರಿಂದ ಒಳಗಿನ ಮತ್ತು ಹೊರಗಿನ ಉಷ್ಣತೆ, ಆರ್ದ್ರತೆಗಳನ್ನು ಮಾಪಕದಲ್ಲಿ ನೋಡಿ, ಹೊಣೆಗಾರರ ಒಪ್ಪಿಗೆ ಪಡೆದು ಮಾತ್ರ ಕಿಟಕಿ ತೆರೆಯಿರಿ. ಬಿಸಿಲಿನ ಕಿರಣ ನೇರವಾಗಿ ಬೀಳುವ ಕಡೆ ಪರದೆ ಎಳೆಯಿರಿ. ಬಟ್ಟೆ, ಜಲವರ್ಣಚಿತ್ರ, ಕಾಗದಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕನ್ನೇ ಮಿತಿಯೆಂದು ಇಟ್ಟುಕೊಂಡಿರುವಾಗ, ನೇರ ಬಿಸಿಲು ಹತ್ತಾರು ಸಾವಿರ ಲಕ್ಸ್‌ನಷ್ಟಿರುತ್ತದೆ. ಬೆಳಕಿನಿಂದ ಮಾಸಿದ ಬಣ್ಣ ಮರಳಿ ಬರುವುದಿಲ್ಲ.

ಧೂಳು ತೆಗೆಯಲು ಒದ್ದೆ ಬಟ್ಟೆ, ಹೊಳಪಿನ ಎಣ್ಣೆ, ಸಾಬೂನು ಯಾವುದೂ ಬೇಡ. ಮೇಕೆಯ ಕೂದಲಿನ ಮೃದುವಾದ ಕುಂಚದಿಂದ ಧೂಳನ್ನು ನಿಧಾನವಾಗಿ ಸರಿಸುತ್ತ, ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರ್‌ನ ನಳಿಗೆಯನ್ನು ವಸ್ತುವಿಗೆ ತಾಗಿಸದೆ ಹತ್ತಿರ ಹಿಡಿದು ಎಳೆದುಕೊಳ್ಳಬೇಕು. ನಳಿಗೆಯ ಬಾಯಿಗೆ ತೆಳುಬಲೆಯನ್ನು ಕಟ್ಟುವುದು ಕಡ್ಡಾಯ. ಮರದ ಪೆಟ್ಟಿಗೆಯೊಂದರ ಕೆತ್ತನೆಯಿಂದ ಸಣ್ಣ ಚೂರೊಂದು ಕಳಚಿದರೆ ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಚಿಮುಟದಿಂದ ಎತ್ತಿ ಪುಟ್ಟ ಲಕೋಟೆಗೆ ಹಾಕಿ, ಪೆಟ್ಟಿಗೆಯ ಸಂಖ್ಯೆ, ಚೂರು ಬಿದ್ದ ಜಾಗ, ದಿನಾಂಕ ಇಷ್ಟನ್ನೂ ಬರೆದಿಟ್ಟರೆ ಸಂರಕ್ಷಣಾ ತಜ್ಞರು ಮುಂದೊಂದು ದಿನ ಅದನ್ನು ಮತ್ತೆ ಸ್ವಸ್ಥಾನಕ್ಕೆ ಕೂರಿಸಬಲ್ಲರು.

ಇನ್ನು ಕೀಟಗಳು. ವಸಂತದಲ್ಲಿ ಬೆಚ್ಚಗಾದಂತೆ ಅವುಗಳ ಚಟುವಟಿಕೆ ಹೆಚ್ಚುತ್ತದೆ. ಉಣ್ಣೆ, ತುಪ್ಪಳ, ಗರಿಗಳನ್ನು ತಿನ್ನುವುದು ಕಾರ್ಪೆಟ್ ಜೀರುಂಡೆಯ ರೋಮಭರಿತ ಮರಿಹುಳು. ಬೆಳೆದ ಜೀರುಂಡೆ ತಿನ್ನುವುದು ಹೂವಿನ ಪರಾಗವನ್ನು. ಎಳ್ಳಿನ ಗಾತ್ರದ ಈ ಜೀರುಂಡೆಗಳು ವಸಂತದಲ್ಲಿ ಬೆಳಕಿನತ್ತ ಹಾರಿ ಕಿಟಕಿಯ ಅಂಚಿನಲ್ಲಿ ಸತ್ತು ಬಿದ್ದಿರುವುದು ಕಂಡರೆ, ಒಳಗೆಲ್ಲೋ ಮರಿಹುಳುಗಳಿದ್ದವೆಂದು ಶಂಕಿಸಬೇಕು. ಪ್ರದರ್ಶನದ ಕೊಠಡಿಗೆ ತಾಜಾ ಹೂಗುಚ್ಛ ತರಬಾರದೆಂದು ಅನೇಕ ಸಂಗ್ರಹಾಲಯಗಳು ಹೇಳುವುದಕ್ಕೆ ಕಾರಣವೂ ಇದೇ. ವಸಂತೋತ್ಸವದ ಅಲಂಕಾರಕ್ಕೆ ಹೂ ಬೇಕೇಬೇಕೆಂದಾದರೆ ಅದು ಹೊರಾಂಗಣದಲ್ಲಿರಲಿ. ಗೋಡೆಯೂ ನೆಲವೂ ಕೂಡುವ ಅಂಚಿನಲ್ಲಿ ಅಂಟುಬಲೆಗಳನ್ನು ಇಟ್ಟು, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ಇಟ್ಟ ದಿನಾಂಕ ಬರೆದು, ನಿಗದಿತ ಅವಧಿಗೊಮ್ಮೆ ಯಾವ ಕೀಟ ಎಷ್ಟು ಬಿದ್ದಿದೆಯೆಂದು ಎಣಿಸಿ ನಕ್ಷೆಯಲ್ಲಿ ಗುರುತಿಸುವುದು ಸ್ವಯಂಸೇವಕರು ಚೆನ್ನಾಗಿ ನಡೆಸಿಕೊಡಬಹುದಾದ ಕೆಲಸ. ಹುಳು ಹಿಡಿದ ವಸ್ತುವನ್ನು ಗುರುತಿಸಿದರೆ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಉಳಿದವುಗಳಿಂದ ಬೇರ್ಪಡಿಸಿ. ಅದನ್ನು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಅಥವಾ ಮೈನಸ್ 20ರ ಸುಮಾರಿನಲ್ಲಿ ಎರಡು ವಾರ ಇರಿಸಿ ಕೀಟ ಕೊಲ್ಲುವ ವಿಧಾನವಿದೆ. ಯಾವ ವಸ್ತು ಆ ಚಳಿಯನ್ನು ತಾಳುತ್ತದೆ ಎಂಬ ತೀರ್ಮಾನ ತಜ್ಞರದ್ದು.

ಆರನೆಯ ಹೆಜ್ಜೆ: ಛಾಯಾಚಿತ್ರ ಗುರುತಿಸುವ ದಿನವನ್ನು ನಡೆಸುವುದು

ವಸಂತದ ಕಾರ್ಯಕ್ರಮಗಳಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇದು. ಹೆಸರಿಲ್ಲದ ಗುಂಪುಚಿತ್ರಗಳು ಎಲ್ಲ ಸ್ಥಳೀಯ ಸಂಗ್ರಹಾಲಯಗಳಲ್ಲೂ ಪೆಟ್ಟಿಗೆಗಟ್ಟಲೆ ಇರುತ್ತವೆ, ಅವುಗಳಲ್ಲಿರುವವರನ್ನು ಗುರುತಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರೆ. ಇದನ್ನು ಮುಂದಿನ ವರ್ಷಕ್ಕೆ ತಳ್ಳುವಂತಿಲ್ಲ.

ಸಿದ್ಧತೆ ಹೀಗಿರಲಿ. ಮೂಲಚಿತ್ರಗಳನ್ನು ಮೇಜಿನ ಮೇಲೆ ಹರಡಬೇಡಿ. 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳ ಸಾಂದ್ರತೆಯಲ್ಲಿ, ಸ್ಕ್ಯಾನ್ ಮಾಡಿ ಟಿಫ್ ಎಂಬ ಚಿತ್ರಕಡತದ ರೂಪದಲ್ಲಿ ಉಳಿಸಿಕೊಂಡು, ದೊಡ್ಡದಾಗಿ ಮುದ್ರಿಸಿದ ಪ್ರತಿಗಳನ್ನು ಇಡಿ. ಕಣ್ಣು ಮಂಜಾದವರಿಗೆ ಅದೇ ಅನುಕೂಲ. ಪ್ರತಿಯ ಮೇಲೆ ಪಾರದರ್ಶಕ ಹಾಳೆಯನ್ನಿರಿಸಿ ಪ್ರತಿಯೊಂದು ಮುಖದ ಸುತ್ತಲೂ ಗೆರೆ ಎಳೆದು ಅದಕ್ಕೊಂದು ಸಂಖ್ಯೆ ಕೊಡಿ. ಹಿಂದಿನ ಸಾಲು ಎಡದಿಂದ ಬಲಕ್ಕೆ, ಆಮೇಲೆ ಮುಂದಿನ ಸಾಲು ಎಂಬ ಕ್ರಮವನ್ನು ಎಲ್ಲ ಚಿತ್ರಗಳಲ್ಲೂ ಪಾಲಿಸಿ. ಮೇಜಿಗೆ ಇಬ್ಬರಿರಲಿ, ಒಬ್ಬರು ಮಾತನಾಡಿಸಲು, ಇನ್ನೊಬ್ಬರು ಬರೆದುಕೊಳ್ಳಲು. ಒಬ್ಬರೇ ಎರಡನ್ನೂ ಮಾಡಹೊರಟರೆ ಮಾತೂ ಕಡಿಯುತ್ತದೆ, ಬರಹವೂ ಅರೆಬರೆಯಾಗುತ್ತದೆ.

ಬಂದ ಹಿರಿಯರಿಗೆ ಮೊದಲೇ ಹೆಸರುಗಳನ್ನು ಸೂಚಿಸಬೇಡಿ. "ಇವರು ಅಂಚೆಯಣ್ಣ ಅಲ್ಲವೇ?" ಎಂದು ಕೇಳಿದರೆ ಸೌಜನ್ಯಕ್ಕಾದರೂ ಹೌದೆಂದುಬಿಡುತ್ತಾರೆ. "ಇಲ್ಲಿ ಯಾರಾದರೂ ಪರಿಚಿತರು ಕಾಣುತ್ತಾರೆಯೇ?" ಎಂದು ಕೇಳಿ ಸುಮ್ಮನೆ ಕಾಯಿರಿ. ಬೆರಳು ಒಂದು ಮುಖದ ಮೇಲೆ ನಿಂತು, ಪಕ್ಕದ ಮುಖಕ್ಕೆ ಸರಿದು, ಮತ್ತೆ ಹಿಂದಿರುಗುತ್ತದೆ, "ಏಳನೆಯವನು ದೊಡ್ಡವನು, ಹನ್ನೊಂದನೆಯವನು ಅವನ ತಮ್ಮ. ಅಲ್ಲ, ತಮ್ಮ ಇನ್ನೂ ಹುಟ್ಟಿರಲಿಲ್ಲ, ಹಾಗಾದರೆ ಇದು ಅವರ ಚಿಕ್ಕಪ್ಪನ ಮಗ" ಎನ್ನುತ್ತಾರೆ. ಈ ತಿದ್ದುಪಡಿಯನ್ನೂ ಹಾಗೆಯೇ ಬರೆದುಕೊಳ್ಳಿ, ಏಕೆಂದರೆ ತಮ್ಮ ಹುಟ್ಟಿರಲಿಲ್ಲ ಎಂಬ ಮಾತಿನಲ್ಲಿ ಚಿತ್ರದ ಕಾಲವನ್ನು ನಿರ್ಧರಿಸುವ ಸುಳಿವಿದೆ. ಚಿತ್ರದ ನೋಂದಣಿ ಸಂಖ್ಯೆ, ಮುಖದ ಸಂಖ್ಯೆ, ಹೇಳಿದ ಹೆಸರು, ಹೇಳಿದವರ ಹೆಸರು, ಅವರಿಗೆ ಅದು ಹೇಗೆ ಗೊತ್ತು, ಎಷ್ಟು ಖಚಿತ, ದಿನಾಂಕ, ಬರೆದುಕೊಂಡವರ ಸಹಿ, ಇಷ್ಟು ಪ್ರತಿಯೊಂದು ನಮೂದಿನಲ್ಲೂ ಇರಬೇಕು. ಇಬ್ಬರು ಒಂದೇ ಮುಖಕ್ಕೆ ಬೇರೆ ಬೇರೆ ಹೆಸರು ಹೇಳಿದರೆ ಎರಡನ್ನೂ ಉಳಿಸಿ. ಯಾವುದು ಸರಿಯೆಂದು ಆ ಮೇಜಿನ ಮುಂದೆಯೇ ತೀರ್ಪು ಕೊಡುವ ಅಗತ್ಯವಿಲ್ಲ.

ಇಂಥ ದಿನ ಜನ ತಮ್ಮ ಮನೆಯ ವಸ್ತುಗಳನ್ನೂ ತರುತ್ತಾರೆ. ಅವುಗಳ ಬೆಲೆ ಎಷ್ಟೆಂದು ಹೇಳಲು ಹೋಗಬೇಡಿ. ಬೆಲೆಕಟ್ಟುವುದು ಸಂಗ್ರಹಾಲಯದ ಕೆಲಸವಲ್ಲವೆಂದು ವಿನಯದಿಂದ ತಿಳಿಸಿ. ಕೊಡುತ್ತೇವೆಂದರೂ ಸ್ಥಳದಲ್ಲೇ ಸ್ವೀಕರಿಸಿದ್ದೇವೆಂದು ಮಾತು ಕೊಡಬೇಡಿ. ತಾತ್ಕಾಲಿಕ ಸ್ವೀಕೃತಿ ಪತ್ರ ಕೊಟ್ಟು, ಸಂಗ್ರಹ ಸಮಿತಿ ಒಪ್ಪಿದ ಮೇಲೆ ದಾನಪತ್ರಕ್ಕೆ ಸಹಿಯಾದಾಗಲೇ ಒಡೆತನ ವರ್ಗವಾಗುತ್ತದೆ. ಎಷ್ಟೋ ಸಲ ವಸ್ತುವನ್ನು ಮನೆಯವರೇ ಇಟ್ಟುಕೊಂಡು, ಅದರ ಸ್ಕ್ಯಾನ್ ಪ್ರತಿಯನ್ನೂ ಕಥೆಯನ್ನೂ ಮಾತ್ರ ಸಂಗ್ರಹಾಲಯಕ್ಕೆ ಕೊಡುವುದು ಇಬ್ಬರಿಗೂ ಹಿತ.

ಏಳನೆಯ ಹೆಜ್ಜೆ: ಮಾತನ್ನು ಧ್ವನಿಮುದ್ರಿಸುವುದು

ಛಾಯಾಚಿತ್ರದ ಮೇಜಿನ ಬಳಿ ಹೆಚ್ಚು ಹೇಳಲು ಇರುವವರು ಯಾರೆಂಬುದು ತಾನಾಗಿ ತಿಳಿಯುತ್ತದೆ. ಅವರನ್ನು ಇನ್ನೊಂದು ದಿನ ಕೂರಿಸಿಕೊಂಡು ಮಾತನಾಡಿಸಿ. ಮೌಖಿಕ ಇತಿಹಾಸ ಶಿಸ್ತುಬದ್ಧ ವಿಧಾನವಾಗಿ ಬೆಳೆದದ್ದು 1948ರಲ್ಲಿ ಇತಿಹಾಸಕಾರ ಅಲನ್ ನೆವಿನ್ಸ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಯೋಜನೆಯ ನಂತರ. ಅಂದು ಹೆಚ್ಚಾಗಿ ಗಣ್ಯರ ಮಾತನ್ನು ದಾಖಲಿಸಿದ ಈ ವಿಧಾನ ಮುಂದೆ ಕಾರ್ಮಿಕರು, ಗೃಹಿಣಿಯರು, ವಲಸಿಗರು ಎಲ್ಲರನ್ನೂ ಒಳಗೊಂಡಿತು. ಸ್ಥಳೀಯ ಸಂಗ್ರಹಾಲಯಕ್ಕೆ ಬೇಕಾದದ್ದು ಈ ಎರಡನೆಯ ಬಗೆಯದೇ.

ಧ್ವನಿಮುದ್ರಣಕ್ಕೆ ಮೊದಲು ಲಿಖಿತ ಒಪ್ಪಿಗೆ ಬೇಕು. ಮುದ್ರಿಕೆಯನ್ನು ಯಾರು ಕೇಳಬಹುದು, ಪ್ರದರ್ಶನದಲ್ಲಿ ಬಳಸಬಹುದೇ, ಯಾವುದಾದರೂ ಭಾಗವನ್ನು ಕೆಲವು ವರ್ಷ ಮುಚ್ಚಿಡಬೇಕೇ ಎಂಬುದನ್ನೆಲ್ಲ ವಿವರಿಸಿ ಹೇಳಿ, ಹಿಂತೆಗೆದುಕೊಳ್ಳುವ ಹಕ್ಕು ಅವರಿಗಿದ್ದರೆ ಅದನ್ನೂ ತಿಳಿಸಿ. ಮೊಬೈಲಿನಲ್ಲೂ ಮುದ್ರಿಸಬಹುದಾದರೂ, ಸಾಧ್ಯವಿದ್ದರೆ ಪ್ರತ್ಯೇಕ ಮೈಕ್ ಬಳಸಿ 48 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದ ವೇವ್ ಎಂಬ ಧ್ವನಿಕಡತವಾಗಿ ಉಳಿಸಿ. ಫ್ಯಾನು, ಫ್ರಿಜ್ಜು, ಗೋಡೆಗಡಿಯಾರದ ಸದ್ದಿಲ್ಲದ ಕೋಣೆಯಲ್ಲಿ ಕುಳಿತುಕೊಳ್ಳಿ. ಮುದ್ರಿಕೆಯ ಆರಂಭದಲ್ಲೇ ದಿನಾಂಕ, ಸ್ಥಳ, ಇಬ್ಬರ ಹೆಸರು ಹೇಳಿ. ಹೌದು ಅಥವಾ ಅಲ್ಲ ಎಂಬ ಉತ್ತರಕ್ಕೆ ಎಡೆಮಾಡುವ ಪ್ರಶ್ನೆಗಳಿಗಿಂತ, "ಕೆಲಸಕ್ಕೆ ಹೋದ ಮೊದಲ ದಿನ ಏನೇನು ನಡೆಯಿತು?" ಎಂಬಂಥವು ಮಾತನ್ನು ಬೆಳೆಸುತ್ತವೆ. ಅವರ ಕೈಗೆ ಸಂಬಂಧಪಟ್ಟ ವಸ್ತುವೊಂದನ್ನೋ ಚಿತ್ರವನ್ನೋ ಕೊಟ್ಟರೆ ನೆನಪು ಇನ್ನೂ ಸಲೀಸಾಗಿ ಹರಿಯುತ್ತದೆ. ನೋವಿನ ವಿಷಯ ಬಂದಾಗ ನಿಲ್ಲಿಸಬೇಕೇ ಎಂದು ಕೇಳಿ, ಆ ನಿರ್ಧಾರವನ್ನು ಅವರಿಗೇ ಬಿಡಿ. ಒಂದೂವರೆ ಗಂಟೆ ಮೀರಿದರೆ ಹಿರಿಯರು ದಣಿಯುತ್ತಾರೆ. ಇನ್ನೊಂದು ದಿನ ಮತ್ತೆ ಕೂರಬಹುದು.

ಎಂಟನೆಯ ಹೆಜ್ಜೆ: ನಡಿಗೆ ಮತ್ತು ಮಕ್ಕಳ ತಂಡ

ಪರಂಪರೆಯ ನಡಿಗೆಯನ್ನು ಮುನ್ನಡೆಸುವವರು ಅದೇ ದಾರಿಯನ್ನು ಅದೇ ಹೊತ್ತಿನಲ್ಲಿ ಮೊದಲೇ ನಡೆದು ನೋಡಬೇಕು. ಎಲ್ಲಿ ನೆರಳಿದೆ, ಎಲ್ಲಿ ವಾಹನಗಳ ಸದ್ದಿಗೆ ಮಾತು ಕೇಳಿಸದು, ಗಾಲಿಕುರ್ಚಿಯವರಿಗೆ ಎಲ್ಲಿ ಮೆಟ್ಟಿಲು ಅಡ್ಡಬರುತ್ತದೆ, ಶೌಚಾಲಯ ಎಲ್ಲಿದೆ ಎಂಬುದು ಕಾಗದದ ಮೇಲಿನ ನಕ್ಷೆಯಲ್ಲಿ ಸಿಗುವುದಿಲ್ಲ. ಒಂದೂವರೆ ಗಂಟೆಯೊಳಗೆ ಆರೆಂಟು ಕಡೆ ನಿಲ್ಲುವಷ್ಟು ದಾರಿ ಸಾಕು. ಪ್ರತಿ ನಿಲುಗಡೆಯಲ್ಲೂ ಹಳೆಯ ಚಿತ್ರವೊಂದನ್ನು ಎತ್ತಿ ಹಿಡಿದು, ಛಾಯಾಗ್ರಾಹಕ ಅಂದು ನಿಂತಿದ್ದ ಜಾಗದಲ್ಲೇ ಜನರನ್ನು ನಿಲ್ಲಿಸಿದರೆ, ಉದ್ದನೆಯ ವಿವರಣೆ ಬೇಕಾಗುವುದೇ ಇಲ್ಲ. ನಡಿಗೆಗೆ ಬಂದವರಲ್ಲಿ ನಿಮಗಿಂತ ಹೆಚ್ಚು ತಿಳಿದವರು ಇದ್ದೇ ಇರುತ್ತಾರೆ. ಅವರ ಮಾತಿಗೆ ಅವಕಾಶ ಕೊಡಿ, ಜೊತೆಗೊಬ್ಬ ಸ್ವಯಂಸೇವಕರು ನೋಟ್‌ಪುಸ್ತಕ ಹಿಡಿದು ಹಿಂದೆ ಬರಲಿ.

ಸಮಾಧಿಗಲ್ಲುಗಳ ಬರಹವನ್ನು ದಾಖಲಿಸುವ ಶಿಬಿರವಾದರೆ ತಂತಿಯ ಬ್ರಷ್ಷು, ಬ್ಲೀಚು, ಸುಣ್ಣ, ಹಿಟ್ಟು ಇವೊಂದೂ ಕಲ್ಲಿಗೆ ಸೋಕಬಾರದು. ಕನ್ನಡಿಯಿಂದಲೋ ಟಾರ್ಚಿನಿಂದಲೋ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ.

ಮಕ್ಕಳ ತಂಡಗಳಿಗೆ ಮುಟ್ಟಿ ನೋಡಲೆಂದೇ ಬೇರೆಯಾಗಿ ಇಟ್ಟಿರುವ ವಸ್ತುಗಳನ್ನು ಬಳಸಿ. ನೋಂದಣಿಯಾದ ವಸ್ತುಗಳು ಅದಕ್ಕಲ್ಲ. ಇದು ಏನೆಂದು ನೀವು ಹೇಳುವ ಮೊದಲು, ಯಾವುದರಿಂದ ಮಾಡಿದ್ದಾರೆ, ಎಲ್ಲಿ ಸವೆದಿದೆ, ಹಾಗೆ ಸವೆಯಬೇಕಾದರೆ ಯಾವ ಕೈ ಹೇಗೆ ಹಿಡಿದಿರಬೇಕು ಎಂದು ಅವರನ್ನೇ ಕೇಳಿ. ಎಡಗೈಯವರ ಉಪಕರಣವನ್ನು ಮಗುವೊಂದು ತಾನಾಗಿಯೇ ಗುರುತಿಸಿದರೆ, ಆ ಪಾಠ ಫಲ ಕೊಟ್ಟಿತೆಂದೇ ತಿಳಿಯಬಹುದು.

ಮನೆಯಿಂದ ಹೊರಡಲಾಗದವರೂ ಕೈಜೋಡಿಸಬಹುದು. ಸ್ಕ್ಯಾನ್ ಮಾಡಿದ ಪತ್ರ, ದಿನಚರಿ, ಲೆಕ್ಕದ ಪುಸ್ತಕಗಳನ್ನು ಓದಿ ಬೆರಳಚ್ಚು ಮಾಡುವ ಕೆಲಸ ಸದಾ ಬಾಕಿಯಿರುತ್ತದೆ. ಮೂಲದ ಕಾಗುಣಿತವನ್ನು ತಿದ್ದದೆ ಇದ್ದಂತೆಯೇ ಬರೆಯಿರಿ, ಓದಲಾಗದ ಪದವನ್ನು ಊಹಿಸದೆ ಚೌಕ ಆವರಣದಲ್ಲಿ ಅಸ್ಪಷ್ಟವೆಂದು ಗುರುತಿಸಿ.

ಕೊನೆಯ ಹೆಜ್ಜೆ: ಋತು ಮುಗಿದಾಗ ಒಪ್ಪಿಸಬೇಕಾದದ್ದು

ಬೇಸಗೆಗೆ ಕಾಲಿಡುವ ಮೊದಲು ಒಂದು ದಿನವನ್ನು ಇದಕ್ಕೆಂದೇ ಮೀಸಲಿಡಿ. ನಿಮ್ಮ ಚೀಲ, ಮೊಬೈಲು, ಸ್ವಂತ ಕಂಪ್ಯೂಟರಿನಲ್ಲಿ ಉಳಿದಿರುವ ಎಲ್ಲ ಟಿಪ್ಪಣಿ, ಚಿತ್ರ, ಧ್ವನಿಕಡತಗಳನ್ನು ಸಂಗ್ರಹಾಲಯಕ್ಕೆ ವರ್ಗಾಯಿಸಿ. ಸ್ವಯಂಸೇವಕರು ಬಿಟ್ಟುಹೋದಾಗ ಅವರೊಡನೆಯೇ ಕಣ್ಮರೆಯಾಗುವ ಮಾಹಿತಿ ಬಹುಪಾಲು ಇಂಥ ಕಡೆಯೇ ಸಿಲುಕಿರುತ್ತದೆ. ಪ್ರತಿಯೊಂದು ಕಡತದ ಹೆಸರಿನಲ್ಲಿ ನೋಂದಣಿ ಸಂಖ್ಯೆ ಅಥವಾ ದಿನಾಂಕ ಇದೆಯೇ ನೋಡಿ. ಡಿಜಿಟಲ್ ಕಡತಗಳ ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಲಿ. ಸಂದರ್ಶನ ಕೊಟ್ಟವರಿಗೆ ಮುದ್ರಿಕೆಯ ಪ್ರತಿಯನ್ನೂ, ಚಿತ್ರ ಗುರುತಿಸಿದವರಿಗೆ ಕೃತಜ್ಞತಾಪತ್ರವನ್ನೂ ತಲುಪಿಸಿ. ಪತ್ರ ಕೈಗೆ ಬಂದ ಮೇಲೆ ಮತ್ತೊಂದಿಷ್ಟು ನೆನಪಾಯಿತೆಂದು ಕರೆ ಮಾಡುವವರಿರುತ್ತಾರೆ, ಅದಕ್ಕಾಗಿ ಯಾರನ್ನು ಸಂಪರ್ಕಿಸಬೇಕೆಂದು ಪತ್ರದಲ್ಲೇ ಬರೆದಿರಿ. ನಂತರ ನಿಮ್ಮ ಕೆಲಸಕ್ಕೆ ಮುಂದೆ ಬರುವವರಿಗಾಗಿ ಒಂದೆರಡು ಪುಟದ ವರದಿ ಸಿದ್ಧಪಡಿಸಿ: ಯಾವ ಪೆಟ್ಟಿಗೆಯವರೆಗೆ ಮುಗಿದಿದೆ, ಯಾವ ಚಿತ್ರಗಳಲ್ಲಿ ಇನ್ನೂ ಹೆಸರು ಸಿಕ್ಕಿಲ್ಲ, ಯಾವ ಅಂಟುಬಲೆಯಲ್ಲಿ ಹೆಚ್ಚು ಕೀಟ ಬಿದ್ದವು, ಯಾರನ್ನು ಮಾತನಾಡಿಸಲು ಒಪ್ಪಿಗೆ ಪಡೆದು ಸಮಯ ಸಾಲದೆ ಬಿಟ್ಟಿದ್ದೀರಿ. ಈ ಕೊನೆಯ ಪಟ್ಟಿಯಲ್ಲಿರುವವರು ಹಿರಿಯರಾಗಿದ್ದರೆ ಮುಂದಿನ ವಸಂತದವರೆಗೆ ಕಾಯಬೇಡಿರೆಂದು ಹೊಣೆಗಾರರಿಗೆ ಒತ್ತಿ ಹೇಳಿ, ಸಾಧ್ಯವಾದರೆ ಬೇಸಗೆಯಲ್ಲೇ ಅವರ ಮನೆಗೆ ಹೋಗುವ ದಿನವನ್ನು ಗೊತ್ತುಮಾಡಿಕೊಂಡೇ ವರದಿಗೆ ಸಹಿ ಹಾಕಿ.